ಕೆಂದಿ ಹಾಕಿದ ಜೋಡಿ ಅಂಕ

ಡೇರಿಯ ಜಗಲಿಯ ಮೇಲೆ ನಿಂತು ಶಿವನಂಜಪ್ಪ ಮೊಬೈಲು ಎತ್ತಿ ಹಿಡಿದಾಗ, ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಪಂಪ್‌ಸೆಟ್ ರಿಪೇರಿಯಿಂದ ಕೈಗೆ ಬಿಡುವು ಸಿಕ್ಕರೆ ಸಾಕು, ಹೊಸದೇನಾದರೂ ಹುಟ್ಟಿಸುವುದು ಅವನ ಚಾಳಿ. ಡೇರಿಯ ಮೊಬೈಲ್ ಗುಂಪಿನಲ್ಲಿ ‘ಕೆಂದಿ’ ಎಂಬ, ಕೇಳಿದ್ದಕ್ಕೆ ತಾನೇ ಉತ್ತರ ಬರೆಯುವ ಬಾಟನ್ನು ಕೂರಿಸಿದವನೂ ಅವನೇ. ಯಾರ ಹಾಲಿನಲ್ಲಿ ಫ್ಯಾಟ್ ಎಷ್ಟು, ಯಾರು ಎಷ್ಟು ಹೊತ್ತಿಗೆ ಹಾಲು ಹಾಕಿದರು ಎಂದು ಕೇಳಿದರೆ ಕೆಂದಿ ಥಟ್ಟನೆ ಉತ್ತರ ಬರೆಯುತ್ತಿತ್ತು.

“ಇವತ್ತಿಂದ ಕೆಂದಿಗೆ ಹೊಸ ಬುದ್ಧಿ! ‘ಜೋಡಿ’ ಅಂತ ಬರ್ದು ಎರಡು ಹೆಸ್ರು ಹಾಕಿ. ನೂರಕ್ಕೆ ಎಷ್ಟು ಹೊಂದಾಣಿಕೆ ಅಂತ ಅದೇ ಹೇಳ್ತದೆ. ಜಾತಕ ಬ್ಯಾಡ, ಜೋಯಿಸ್ರು ಬ್ಯಾಡ!”

“ಮೊದ್ಲು ನಿಂದೇ ಹಾಕು, ನೋಡವ” ಎಂದ ಜವರೇಗೌಡ.

ಶಿವನಂಜಪ್ಪ ತನ್ನ ಹೆಸರನ್ನೂ ಹೆಂಡತಿ ಚಿಕ್ಕತಾಯಮ್ಮನ ಹೆಸರನ್ನೂ ಒತ್ತಿದ. ಕೆಂದಿ ಗಳಿಗೆ ಹೊತ್ತು ಯೋಚಿಸಿತು. ‘ನೂರಕ್ಕೆ ಮೂರು. ಇವರಿಬ್ಬರಿಗೆ ಪರಿಚಯವಿದ್ದಂತಿಲ್ಲ.’

ಸಾಲೆಲ್ಲ ಗೊಳ್ಳೆಂದಿತು. ಚಿಕ್ಕತಾಯಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. ನಗು ಗಂಟಲಿಗಿಂತ ಕೆಳಕ್ಕಿಳಿಯಲಿಲ್ಲ.

ಯಾರೋ ತಮಾಷೆಗೆ ಜವರೇಗೌಡನಿಗೂ ಬೋರಯ್ಯನಿಗೂ ಜೋಡಿ ಹಾಕಿದರು. ಬದುವಿನ ಜಗಳದಲ್ಲಿ ಮಾತು ಬಿಟ್ಟು ಒಂಬತ್ತು ವರ್ಷವಾಗಿದ್ದ ಇಬ್ಬರಿಗೆ ತೊಂಬತ್ತೊಂಬತ್ತು ಬಂತು!

“ಈ ಮೂದೇವಿ ಜೊತೆ ನಂಗೆ ಜೋಡಿಯಾ?” ಎಂದು ಜವರೇಗೌಡ ಸಿಡುಕಿದ.

“ನಿನ್ ಮೇಲೆ ನಂಗೇನ್ ಆಸೆ ಉಕ್ಕಿ ಹರೀತದಾ?” ಎಂದ ಬೋರಯ್ಯ. ಒಂಬತ್ತು ವರ್ಷದ ಮೇಲೆ ಅವರು ಆಡಿಕೊಂಡ ಮೊದಲ ಮಾತು ಅದು.

ಮನೆಗೆ ಬಂದ ಮೇಲೆ ಚಿಕ್ಕತಾಯಮ್ಮ ಕೇಳಿದಳು: “ಅದ್ಕೇನ್ ಗೊತ್ತು ಅಂತ ಹಂಗಂತು?”

“ಹಾಲು ಹಾಕೋ ಹೊತ್ತು ಬಿಟ್ರೆ ಅದ್ಕೇನೂ ಗೊತ್ತಿಲ್ಲ ಕಣಮ್ಮಿ. ಜೊತೇಲಿ ಬಂದ್ರೆ ಜೋಡಿ ಅಂತದೆ. ನೀನು ಬೆಳಿಗ್ಗೆ ಹಾಕ್ತೀಯ, ನಾನು ಸಂಜೆ. ಆ ಇಬ್ರು ನಾ ಮುಂದು ತಾ ಮುಂದು ಅಂತ ಒಟ್ಟಿಗೇ ಓಡ್ಬತ್ತಾರೆ.”

“ಹಂಗಾದ್ರೆ ಅದು ಸುಳ್ಳೇನೂ ಹೇಳ್ಲಿಲ್ಲ ಬಿಡಿ.”

ಅವಳು ಹುಲ್ಲು ತರಲು ಹೋದಾಗ ಅವನು ಉಣ್ಣುವನು. ಅವಳು ತಟ್ಟೆ ಹಾಕಿಕೊಳ್ಳುವಾಗ ಅವನು ಯಾರದೋ ಬೋರ್‌ವೆಲ್ಲಿನ ಬಳಿ. ಇಪ್ಪತ್ತೆರಡು ವರ್ಷ ಹೀಗೇ ಸಾಗಿತ್ತು. ಅವನ ಕೆಮ್ಮು ಮೂರು ಬೀದಿಯಾಚೆ ಕೇಳಿದರೂ ಗುರುತು ಹಿಡಿಯಬಲ್ಲಳು. ಅವನ ಮನಸ್ಸಿನಲ್ಲಿ ಏನು ಓಡುತ್ತದೆಂಬುದು ಮಾತ್ರ ಗೊತ್ತಿರಲಿಲ್ಲ. ಇದನ್ನು ಸಂಸಾರ ಅನ್ನಬಹುದೋ ಇಲ್ಲವೋ ಎಂಬ ಅನುಮಾನ ಮೊದಲ ಸಲ ಅವಳೊಳಗೆ ಹೊಕ್ಕಿತು.

ಮರುದಿನ ಬೆಳಿಗ್ಗೆ ಅವಳು ಹಾಲು ಕರೆದು ಏಳುವಷ್ಟರಲ್ಲಿ ಅವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. “ನಡಿ, ನಾನೂ ಬತ್ತೀನಿ.”

ಲೆಕ್ಕದ ಗುಟ್ಟು ಹೇಗೋ ಹೊರಬಿದ್ದು ಊರಿಗೂ ಅದೇ ಬುದ್ಧಿ ಬಂದಿತ್ತು! ಎರಡು ಲೀಟರ್ ಹಾಲನ್ನು ಎರಡು ಕ್ಯಾನಿಗೆ ಹಂಚಿಕೊಂಡು ಗಂಡ ಹೆಂಡಿರೆಲ್ಲ ಜೊತೆಯಲ್ಲೇ ಹೊರಟಿದ್ದರು. ಸಾಲು ನೀರಿನ ಟ್ಯಾಂಕು ದಾಟಿತು. ಹಾಲಿನ ಲಾರಿ ಕಾದು, ಹಾರ್ನ್ ಹೊಡೆದು, ಹೊರಟೇ ಹೋಯಿತು. ಎರಡು ದಿನ ಊರಿಡೀ ಮೊಸರೇ ಮೊಸರು. ಶಿವನಂಜಪ್ಪ ಲೆಕ್ಕಕ್ಕೆ ಫ್ಯಾಟನ್ನೂ ಸೇರಿಸಿ ಸರಿಮಾಡಲು ನೋಡಿದ. ಹಸುವಿನ ಹಾಲು ಹಾಕುವ ಹೆಂಡತಿಗೂ ಎಮ್ಮೆ ಹಾಲು ಹಾಕುವ ಗಂಡನಿಗೂ ಅಂಕ ಕುಸಿದು, “ನಿನ್ ಎಮ್ಮೆಯಿಂದ ನಮ್ ಸಂಸಾರ ಹಾಳಾಯ್ತು!” ಎಂಬ ಕೂಗು ಮನೆಮನೆಯಲ್ಲೂ ಎದ್ದಿತು. ಅವನು ಹೆದರಿ ಫ್ಯಾಟನ್ನು ತೆಗೆದ.

ಇವರಿಬ್ಬರ ನಡಿಗೆ ಮಾತ್ರ ನಿಲ್ಲಲಿಲ್ಲ. ದೊಡ್ಡ ಕ್ಯಾನು ಯಾರು ಹೊರಬೇಕೆಂದು ಮೊದಮೊದಲು ಜಗಳ. ಆಮೇಲೆ ಬೇರೆ ಮಾತು. ಒಂದು ದಿನ ಅವನೆಂದ: “ನಂಗೆ ಬಸ್ಸಾರು ಸೇರಲ್ಲ ಕಣಮ್ಮಿ.”

ಅವಳು ಅಲ್ಲೇ ನಿಂತಳು. “ಮತ್ತೆ ಇಷ್ಟು ವರ್ಷ ಉಂಡ್ರಲ್ಲ?”

“ಉಣ್ಣೋ ಹೊತ್ನಲ್ಲಿ ಹೇಳನ ಅಂದ್ರೆ ನೀನೆಲ್ಲಿದ್ದೆ?”

ಹದಿನಾರನೆಯ ದಿನ ಇಬ್ಬರೂ ಡೇರಿಯ ಎರಡೂ ತೂಕದ ಯಂತ್ರಗಳಿಗೆ ಒಂದೇ ಗಳಿಗೆಯಲ್ಲಿ ಹಾಲು ಸುರಿದರು. ಕೆಂದಿ ಬರೆಯಿತು: ‘ನೂರಕ್ಕೆ ನೂರು. ಇಬ್ಬರೂ ಒಬ್ಬರೇ ಎಂದು ಖಚಿತವಾಗಿದೆ. ಎರಡು ಸಲ ದಾಖಲಾದ ಸದಸ್ಯರ ಪೈಕಿ ಒಬ್ಬರನ್ನು ಅಳಿಸಲಾಗಿದೆ.’

ಅಳಿದದ್ದು ಶಿವನಂಜಪ್ಪ! ಮಧ್ಯಾಹ್ನದ ಹೊತ್ತಿಗೆ ಊರಿನ ಹದಿನೆಂಟು ಗಂಡಂದಿರು ಡೇರಿಯ ಪಟ್ಟಿಯಿಂದ ಮಾಯವಾಗಿದ್ದರು. ಜವರೇಗೌಡನ ಜೋಡಿಯೆಂದು ಬೋರಯ್ಯನೂ ಹೋಗಿದ್ದ. “ಅವ್ನಿಲ್ದೆ ನಾನ್ ಯಾರ್ ಜೊತೆ ಜಗಳ ಆಡ್ಲಿ?” ಎಂದು ಜವರೇಗೌಡ ಡೇರಿಯ ಕಾರ್ಯದರ್ಶಿಯ ಮೇಲೆ ರೇಗಿದ.

ಕೆಂದಿಯನ್ನು ಬಂದ್ ಮಾಡಿದರೂ ಹೆಸರುಗಳು ಮರಳಿ ಬರಲಿಲ್ಲ. ಎಲ್ಲರೂ ಹೊಸದಾಗಿ ಅರ್ಜಿ ಹಾಕಬೇಕು, ಒಬ್ಬ ಸದಸ್ಯರು ಶಿಫಾರಸು ಮಾಡಬೇಕು ಎಂದಾಯಿತು. ಚಿಕ್ಕತಾಯಮ್ಮ ಗಂಡನ ಅರ್ಜಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ‘ಅರ್ಜಿದಾರರನ್ನು ಎಷ್ಟು ಕಾಲದಿಂದ ಬಲ್ಲಿರಿ?’ ಎಂಬಲ್ಲಿ ಪೆನ್ನು ನಿಂತಿತು. ಎದುರಿಗೆ ಅವನು ಅಪರಾಧಿಯಂತೆ ಉಗುರು ಕಚ್ಚುತ್ತಿದ್ದ. ಅವನನ್ನು ಸಾವಕಾಶವಾಗಿ ನೋಡಿ, ಬರೆದುಕೊಟ್ಟಳು.

ಕಾರ್ಯದರ್ಶಿ ಓದಿ ಕನ್ನಡಕ ಸರಿಮಾಡಿಕೊಂಡರು. “ಹದಿನಾರು ದಿನದಿಂದಾ? ಒಂದು ತಿಂಗಳಾದ್ರೂ ಪರಿಚಯ ಇರ್ಬೇಕು ಕಣಮ್ಮ, ನಿಯಮ ಅದೆ.”

“ಇರ್ಲಿ ಬಿಡಿ ಸ್ವಾಮಿ. ಅಲ್ಲೀಗಂಟ ನನ್ ಕ್ಯಾನು ಹೊತ್ಕೊಂಡು ಬರ್ಲಿ.”