ನಲವತ್ತು ವ್ಯಾಟಿನ ಮರಿಲಿಂಗಪ್ಪ

ಹಿಂದಿನ ಸಂಜೆ ಅಬ್ದುಲ್ ಕರೀಮನ ಜೀಪಿನ ಹಾಡು ಯಾರ ಕಿವಿಗೂ ಬೀಳಲಿಲ್ಲ. ಎಲ್ಲ ರಾದ್ಧಾಂತಕ್ಕೂ ಅದೇ ಕಾರಣ.

ಶಹಾಪುರದಿಂದ ಸಗರದ ಕಡೆ ಕಾಲುವೆ ಏರಿಯ ಮೇಲೆ ಓಡುವ ಹನ್ನೊಂದು ಜೀಪುಗಳೂ ಹಾಡು ಹಚ್ಚಿಕೊಂಡೇ ಓಡುತ್ತವೆ. ಅದೇನು ಡ್ರೈವರುಗಳ ಶೋಕಿಯಲ್ಲ. ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಸಂಜೆಯ ಗಂಟೆಯೆಂದರೆ ಆ ಹಾಡೇ. ಕೇಳಿದೊಡನೆ ಗಂಟು ಕಟ್ಟಿಕೊಂಡು ಏರಿ ಹತ್ತುತ್ತಾರೆ. ಮೊನ್ನೆ ಮೊನ್ನೆ ರಿಪೇರಿಯಾದ ಕರೀಮನ ಟೇಪು ಆ ಸಂಜೆ ನೆಗಡಿ ಬಂದ ಕೂಸಿನ ಹಾಗೆ ಗುಯ್‌ಗುಟ್ಟಿದ್ದರಿಂದ ರೇಣಮ್ಮ ಮತ್ತು ಅವಳ ಗುಂಪಿನ ಹನ್ನೆರಡು ಮಂದಿ ಹೊಲದಲ್ಲೇ ಉಳಿದರು. ಕತ್ತಲಲ್ಲಿ ನಡೆದುಕೊಂಡೇ ಊರು ಸೇರಿದರು. ಬೆಳಿಗ್ಗೆ ಜೀಪ್ ಸ್ಟ್ಯಾಂಡಿಗೆ ಬಂದ ರೇಣಮ್ಮ ಕರೀಮನ ಏಳು ತಲೆಮಾರನ್ನು ಹೆಸರು ಹಿಡಿದು ವಿಚಾರಿಸಿಕೊಂಡಳು. ಸ್ಟ್ಯಾಂಡಿಗೆ ಹಿರಿಯನಾದ ಕರೀಮ ಅಲ್ಲೇ ತೀರ್ಮಾನ ಮಾಡಿದ: ಹನ್ನೊಂದು ಜೀಪಿಗೂ ಹೊಸ ಆಂಪ್ಲಿಫೈಯರ್.

ಸುದ್ದಿ ಮರಿಲಿಂಗಪ್ಪನ ರೇಡಿಯೋ ರಿಪೇರಿ ಅಂಗಡಿಗೆ ಬಂದಾಗ ಅವನು ತಾನೇ ಕಟ್ಟಿದ ಆಂಪ್ಲಿಫೈಯರ್ ಡಬ್ಬಿಯ ಮೇಲೆ ಬಿಳಿ ಬಣ್ಣದಲ್ಲಿ ‘೪೦ ವ್ಯಾಟ್’ ಎಂದು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಅಳೆದು ನೋಡಿದಾಗ ನಲವತ್ತೊಂದು ಬಂದಿತ್ತು. ಒಂದು ಬಿಟ್ಟು ಬರೆದಿದ್ದ. ಅಂಥ ಮನುಷ್ಯ.

“ಎರಡು ತಿಂಗಳಾತು, ಒಂದು ಡಬ್ಬಿ ಹೋಗಿಲ್ಲ” ಎಂದಳು ಹೆಂಡತಿ ಭೀಮಮ್ಮ. “ಊರೆಲ್ಲಾ ಸಾವಿರದ ಲೆಕ್ಕದಾಗ ಮಾತಾಡಾಕತ್ತದ, ನೀವು ಇನ್ನಾ ನಲವತ್ತರಾಗೇ ಅದೀರಿ. ಈ ಹನ್ನೊಂದು ಜೀಪ ಕೈ ಬಿಟ್ಟು ಹೋದ್ವು ಅಂದ್ರ ಅಂಗಡಿ ಬಾಗಲಾ ಮುಚ್ಚೂದೇ.”

“ಹೋಗಾಂಗಿಲ್ಲ ಬಿಡು. ಖರೇ ಮಾಲಿಗೆ ಯಾಕ ಅಂಜಬೇಕು?” ಎಂದು ಮರಿಲಿಂಗಪ್ಪ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಹೊರಟ.

ಅವನು ಸ್ಟ್ಯಾಂಡು ಮುಟ್ಟುವಷ್ಟರಲ್ಲಿ ಎದುರು ಅಂಗಡಿಯ ವೆಂಕಟಪ್ಪ ಡ್ರೈವರುಗಳಿಗೆಲ್ಲ ಚಹಾ ಕುಡಿಸಿ ಮುಗಿಸಿದ್ದ. ಜೀಪಿನ ಬಾನೆಟ್ಟಿನ ಮೇಲೆ ವೆಂಕಟಪ್ಪನ ಡಬ್ಬಿ ಮದುಮಗನ ಹಾಗೆ ಕೂತಿತ್ತು: ಕೆಂಪು ದೀಪ, ನೀಲಿ ದೀಪ, ನಡುವೆ ಬಂಗಾರದ ಬಣ್ಣದಲ್ಲಿ ‘೪೦೦೦ ವ್ಯಾಟ್’.

ಅದನ್ನು ನೋಡಿದ್ದೇ ಮರಿಲಿಂಗಪ್ಪನ ಮೈಯೆಲ್ಲ ಉರಿದುಹೋಯಿತು.

“ಕರೀಮಣ್ಣ, ಇದರ ಹಿಂದಿನ ಫ್ಯೂಜ್ ನೋಡು. ಎರಡು ಆಂಪಿಯರ್. ಬ್ಯಾಟರಿ ಹನ್ನೆರಡು ವೋಲ್ಟು. ಹನ್ನೆರಡ ಎರಡ್ಲೆ ಇಪ್ಪತ್ತನಾಕು. ಒಳಗ ಹೋಗೂದೇ ಇಪ್ಪತ್ತನಾಕು ವ್ಯಾಟ್, ಅದರಾಗೂ ಅರ್ಧ ಬಿಸಿಯಾಗಿ ಹೋಗ್ತದ. ಹೊರಗ ನಾಕು ಸಾವಿರ ಎಲ್ಲಿಂದ ಬರ್ಬೇಕು? ಒಳಗ ಕುಂತು ಮರಿ ಹಾಕ್ತಾವೇನು?”

ವೆಂಕಟಪ್ಪ ನಕ್ಕ. “ಮರಿಲಿಂಗಣ್ಣ, ಅದು ಪೀಕ್ ಪವರ್.”

“ಹಂಗಂದ್ರ?” ಎಂದ ಕರೀಮ.

“ಹಂಗಂದ್ರ ಮನಸ್ಸು ಮಾಡಿದ್ರ ಕೊಡೋ ಪವರ್ ರಿ.”

“ಯಾವಾಗ ಮನಸ್ಸು ಮಾಡ್ತದ?” ಎಂದು ಮರಿಲಿಂಗಪ್ಪ ಒದರಿದ.

“ಅದು ಡಬ್ಬಿ ಮರ್ಜಿ.”

ಡ್ರೈವರುಗಳು ತಲೆಯಾಡಿಸಿದರು. ಮರ್ಜಿ ಇಲ್ಲದ್ದು ಯಾವುದಿದೆ? ಅವರ ಜೀಪುಗಳೂ ಮರ್ಜಿ ಬಂದಾಗಲೇ ಸ್ಟಾರ್ಟ್ ಆಗುತ್ತಿದ್ದವು.

“ನಾಕು ಸಾವಿರ ಖರೇ ಎಳದ್ರ ನಿಮ್ಮ ಬ್ಯಾಟರಿ ಸುಟ್ಟು ಬೂದಿ ಆಗ್ತದ್ರೋ! ನಡೀರಿ ಏರಿಗೆ. ಒಂದೇ ಜೀಪು, ಒಂದೇ ಸ್ಪೀಕರ್, ಒಂದೇ ಕ್ಯಾಸೆಟ್. ಯಾವುದು ದೂರ ಕೇಳ್ತದ ನೋಡೇ ಬಿಡೂಣು. ನಂದು ಸೋತರ ಇನ್ನ ಸ್ಟ್ಯಾಂಡಿನ ಕಡಿ ಮಾರಿ ಹಾಕಾಂಗಿಲ್ಲ.”

“ಗೆದ್ದಾವರಿಗೆ ಹನ್ನೊಂದು ಜೀಪು” ಎಂದ ಕರೀಮ.

ಪಂಚನಾಗಿ ಸಿಕ್ಕವನು ದ್ಯಾವಪ್ಪ ಕಾಕಾ. ಇಪ್ಪತ್ತು ವರ್ಷ ಕಾಲುವೆಯ ಗೇಟು ಎತ್ತಿ ಇಳಿಸಿದವನು. ಹೊಲಗಳಿಗೆ ನೀರು ಬಿಡುವ ಒಂದೊಂದು ತೂಬಿನ ಜಾತಕವೂ ಅವನಿಗೆ ಗೊತ್ತು. ನೀರಿನ ಜಗಳದಲ್ಲಿ ಅವನ ಮಾತಿಗೆ ಎದುರಿಲ್ಲ. “ನಾ ಸೈಕಲ್ ಮ್ಯಾಲ ಏರಿ ಹಿಡದು ಹೋಗ್ತೀನಿ” ಎಂದ. “ಹಾಡು ಎಷ್ಟನೇ ತೂಬಿನ ತನಕ ಕೇಳ್ತದ, ಎಣಿಸಿಕೊಂಡು ಬರ್ತೀನಿ.”

ಮಧ್ಯಾಹ್ನದ ಹೊತ್ತಿಗೆ ಅರ್ಧ ಸ್ಟ್ಯಾಂಡು ಏರಿಯ ಮೇಲಿತ್ತು. ಮೊದಲು ವೆಂಕಟಪ್ಪನ ಡಬ್ಬಿ. ದೀಪಗಳು ಕುಣಿದವು, ಹಾಡು ಬಾಂಡ್ಲಿಯಲ್ಲಿ ಉಸುಕು ಹುರಿದಂತೆ ಕರಕರ ಎಂದಿತು. ದ್ಯಾವಪ್ಪ ಬೀಡಿ ಅರ್ಧ ಸುಡುವುದರೊಳಗೆ ತಿರುಗಿ ಬಂದ.

“ಎರಡು ತೂಬು.”

ಮರಿಲಿಂಗಪ್ಪ ಹಿಗ್ಗಿನಿಂದ ತನ್ನ ಡಬ್ಬಿಯ ವೈರು ಜೋಡಿಸಿ ಗುಂಡಿ ಒತ್ತಿದ. ಕಿರ್ರ್ ಎಂದಿತು, ಅಷ್ಟೇ. ಟೇಪು ಕ್ಯಾಸೆಟ್ಟಿನ ಕರುಳನ್ನು ನುಂಗಿತ್ತು.

“ಮುಟ್ಟಿದ ಕೂಡಲೇ ಜೀವ ತಗೊಂಡ್ತು ನೋಡ್ರಿ ನಲವತ್ತು ವ್ಯಾಟು” ಎಂದ ವೆಂಕಟಪ್ಪ.

ಮರಿಲಿಂಗಪ್ಪ ಹಲ್ಲು ಕಚ್ಚಿ, ಪೆನ್ಸಿಲ್ಲಿನಿಂದ ರೀಲು ಸುತ್ತಿ, ಬಿಸಿಲಲ್ಲಿ ಬೆವರಿ, ಕೊನೆಗೆ ಹಾಡು ಹಚ್ಚಿದ. ಹಚ್ಚಿದ್ದೇ ತಡ, ಕಾಲುವೆಯ ನೀರಿನ ಮೇಲಿಂದ ಬೆಳ್ಳಕ್ಕಿಗಳ ಹಿಂಡು ಎದ್ದು ಹಾರಿತು. ಕರೀಮ ಕಿವಿ ಮುಚ್ಚಿಕೊಂಡ. ದ್ಯಾವಪ್ಪನ ಸೈಕಲ್ಲು ದೂರ ದೂರ ಹೋಗಿ ಚುಕ್ಕೆಯಾಯಿತು, ಆಮೇಲೆ ಅದೂ ಕಾಣದಾಯಿತು. ಮರಿಲಿಂಗಪ್ಪ ಹಿಮ್ಮಡಿ ಎತ್ತಿ ಆ ಕಡೆಗೇ ನೋಡುತ್ತ ನಿಂತ.

ದ್ಯಾವಪ್ಪನಿಗಿಂತ ಮೊದಲು ಬಂದವಳು ರೇಣಮ್ಮ. ಹಿಂದೆ ಹನ್ನೆರಡು ಮಂದಿ. ತಲೆಯ ಮೇಲೆ ಗಂಟು, ಕೈಯಲ್ಲಿ ಬುತ್ತಿ ಡಬ್ಬಿ, ಬಾಯಲ್ಲಿ ಏದುಸಿರು.

“ಯಾಕೋ ಕರೀಮ, ನಿನ್ನಿ ಕರೀಲೇ ಇಲ್ಲ, ಇವತ್ತು ನಡು ಮಧ್ಯಾಹ್ನ ಕರೀತಿ? ಹಾಡು ಕೇಳಿ ಅರ್ಧ ಸಾಲು ಬಿಟ್ಟು ಓಡಿ ಬಂದೀವಿ. ಹೊಲದ ಸಾವುಕಾರ ಹಿಂದ ಬೈಕೋತ ಬರಾಕತ್ತಾನ!”

“ಎಲ್ಲಿದ್ರಬೇ ನೀವು?” ಎಂದು ಮರಿಲಿಂಗಪ್ಪ ಕುಣಿಯುವಂತೆ ಕೇಳಿದ.

“ನಾಕನೇ ತೂಬಿನ ಕೆಳಗ. ಮನಿ ಬಾಗಲ್ದಾಗ ಹಾಡಿದಂಗಿತ್ತು, ಸುಡ್ಲಿ.”

ದ್ಯಾವಪ್ಪನೂ ಬಂದು ಸೈಕಲ್ಲು ನಿಲ್ಲಿಸಿದ. “ನಾಕು ತೂಬು” ಎಂದ.

“ಕೇಳಿದ್ರೋ?” ಮರಿಲಿಂಗಪ್ಪ ಎರಡೂ ಕೈ ಮೇಲೆತ್ತಿದ. “ಖರೇ ನಲವತ್ತು ವ್ಯಾಟಿನ ತಾಕತ್ತು!”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದ್ಯಾವಪ್ಪ ಮಾತ್ರ ಮರಿಲಿಂಗಪ್ಪನನ್ನು ದಿಟ್ಟಿಸಿ ನೋಡತೊಡಗಿದ. ಆ ನೋಟದ ಮುಂದೆ ಎಷ್ಟೋ ಮಂದಿ ಗೇಟಿನ ಕೀಲಿ ಮುರಿದ ವಿಷಯ ಒಪ್ಪಿಕೊಂಡಿದ್ದರು.

“ಮರಿಲಿಂಗಾ, ಡಬ್ಬಿ ಮ್ಯಾಲ ಏನ ಬರದಿ?”

“ನಲವತ್ತು, ಕಾಕಾ.”

“ನಾ ಇಪ್ಪತ್ತು ವರ್ಷ ನೀರ ನೋಡೀನಿ. ಹಾಳ್ಯಾಗ ನೂರು ಅಂತ ಬರದಿದ್ರ ಕಾಲುವಿ ಬಾಲಕ್ಕ ಎಪ್ಪತ್ತು ಮುಟ್ತದ. ದಾರ್ಯಾಗ ಮಣ್ಣು ಕುಡೀತದ, ಬಿಸಲು ಕುಡೀತದ. ಅದು ರಿವಾಜು. ವೆಂಕಟಪ್ಪಂದು ಬರದದ್ದಕ್ಕಿಂತ ಕಡಿಮಿ ಬಂತು, ಒಪ್ಪಿದೆ. ಆದರ ಬರದದ್ದಕ್ಕಿಂತ ಹೆಚ್ಚು ಬರಾಕತ್ತಂದ್ರ? ಅಲ್ಲಿ ಕಳುವು ಅದ ಅಂತ ತಿಳೀಬೇಕು.”

“ಕಳುವು ಏನು ಬಂತು ಕಾಕಾ! ನಂದು ಇದ್ದದ್ದೇ ನಲವತ್ತು!”

“ಹುಚ್ಚ ಹಿಡಸಬ್ಯಾಡ. ನಾಕು ಸಾವಿರ ಎರಡು ತೂಬು ಹೋತು. ತೂಬಿಗೆ ಎರಡು ಸಾವಿರ. ನಿಂದು ನಾಕು ತೂಬು ಹೋಗ್ಯಾದ. ಎಷ್ಟಾತು?”

“ಎಂಟು ಸಾವಿರ” ಎಂದರು ಹನ್ನೊಂದು ಡ್ರೈವರುಗಳೂ ಒಂದೇ ಬಾಯಿಂದ.

“ಎಂಟು ಸಾವಿರದ ಡಬ್ಬಿ ಮ್ಯಾಲ ನಲವತ್ತು ಬರದಾನ. ಏಳು ಸಾವಿರದ ಒಂಬೈನೂರಾ ಅರವತ್ತು ವ್ಯಾಟ್ ಮುಚ್ಚಿಟ್ಟಾನ!” ಎಂದ ದ್ಯಾವಪ್ಪ.

ಕರೀಮ ತಲೆಯ ಮೇಲೆ ಕೈ ಹೊತ್ತ. “ತೋಬಾ ತೋಬಾ. ಮರಿಲಿಂಗಣ್ಣ, ನಿನ್ನ ಖರೇ ಮನಷ್ಯಾ ಅಂತ ತಿಳದಿದ್ದೆ.”

“ಫ್ಯೂಜ್ ನೋಡ್ರೋ! ಏಳೂವರಿ ಆಂಪಿಯರ್!” ಮರಿಲಿಂಗಪ್ಪ ಫ್ಯೂಜನ್ನು ಕಿತ್ತು ಒಬ್ಬೊಬ್ಬರ ಮೂಗಿನ ಮುಂದೆ ಹಿಡಿದ. “ಎಂಟು ಸಾವಿರ ಇದರಾಗ ಹ್ಯಾಂಗ ಹಾಯ್ತಾವ? ನಿಮ್ಮ ಬಾಯಾಗ ಮಣ್ಣ ಹಾಕ! ಅಳತಿ ಅಂದ್ರ ಅಳತಿ ಇರಬೇಕಲ್ಲ!”

“ಬ್ಯಾಟರಿ ಕಳುವು ಮಾಡ್ತದೋ ಏನೋ” ಎಂದು ಒಬ್ಬ ಡ್ರೈವರ್ ತನ್ನ ಜೀಪಿನ ಬಾನೆಟ್ಟಿನ ಮೇಲೆ ಕೈ ಅಡ್ಡ ಇಟ್ಟ.

ವೆಂಕಟಪ್ಪ ಮೆಲ್ಲಗೆ ಮುಂದೆ ಬಂದ. “ಹೋಗ್ಲಿ ಬಿಡ್ರಿ, ನಮ್ಮಣ್ಣನೇ. ಸಣ್ಣ ತಪ್ಪು. ನಮ್ಮ ದುಕಾನದಾಗ ಹಂಗಿಲ್ಲ. ನಾಕು ಸಾವಿರ ಅಂದ್ರ ನಾಕು ಸಾವಿರ.”

“ನಮಗ ಎಂಟು ಸಾವಿರದ್ದು ಬೇಕು” ಎಂದ ಕರೀಮ. “ಆದರ ಬಾಯಿ ಮಾತು ನೆಟ್ಟಗಿದ್ದಾವರ ಕಡಿಂದ ಬೇಕು. ಸಂಜಿ ಒಳಗ ಆಗ್ತದ ಏನು?”

“ಆಗ್ತದ್ರಿ” ಎಂದ ವೆಂಕಟಪ್ಪ, ಕಣ್ಣು ಮಿಟುಕಿಸದೆ.

ಸಂಜೆ ಐದಕ್ಕೆ ಮರಿಲಿಂಗಪ್ಪ ತನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಎದುರಿಗೆ ನೋಡಿದ. ವೆಂಕಟಪ್ಪನ ಹೊಸ್ತಿಲಲ್ಲಿ ಅದೇ ೪೦೦೦ ವ್ಯಾಟಿನ ಹನ್ನೊಂದು ಡಬ್ಬಿಗಳು ಸಾಲಾಗಿ ಕೂತಿದ್ದವು. ವೆಂಕಟಪ್ಪ ಬಂಗಾರದ ಬಣ್ಣದಲ್ಲಿ ಕುಂಚ ಅದ್ದಿ, ಒಂದೊಂದರ ಮೇಲಿನ ನಾಲ್ಕನ್ನು ಅಳಿಸಿ ಎಂಟು ಮಾಡುತ್ತಿದ್ದ.

“ನೋಡ್ರಿ! ನೋಡ್ರಿ! ನಿಮ್ಮ ಕಣ್ಣ ಮುಂದೇ!” ಮರಿಲಿಂಗಪ್ಪ ಬೀದಿಗೆ ಹಾರಿದ.

ಡಬ್ಬಿ ಒಯ್ಯಲು ಬಂದಿದ್ದ ಡ್ರೈವರುಗಳು ತಿರುಗಿಯೂ ನೋಡಲಿಲ್ಲ. “ನೀ ಸುಮ್ಮಕಿರಪಾ” ಎಂದ ಕರೀಮ. “ಮಾಲು ಸುಧಾರಿಸಾಕತ್ತಾನ. ನಿನ್ನಂಗ ಮುಚ್ಚಿಡಾಕತ್ತಿಲ್ಲ.”

ಮರಿಲಿಂಗಪ್ಪ ಅಂಗಡಿಯ ಬಾಗಿಲೆಳೆದ. ಈ ಊರಲ್ಲಿ ತನ್ನ ಮಾತು ನಂಬುವ ಒಂದೇ ಒಂದು ಜೀವ ಉಳಿದಿದೆಯೆಂದು ಅವನು ಮನೆಯ ಕಡೆ ಓಡಿದ. ಭೀಮಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ಊರಿನ ಸುದ್ದಿ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. ಕಣ್ಣಲ್ಲಿ ನೀರಿತ್ತು.

“ಭೀಮವ್ವಾ, ನೀನರ ಕೇಳು...”

“ಏನ ಕೇಳ್ಲಿ?” ಎಂದಳು ಅವಳು ಸೆರಗಿನಿಂದ ಮೂಗೊರೆಸುತ್ತ. “ಊರಿಗೆ ಹೇಳದಿದ್ರ ಹಾಳಾಗಿ ಹೋಗ್ಲಿ. ಕಟಗೊಂಡ ಹೇಣ್ತಿಗರ ಒಂದು ಮಾತು ಹೇಳಬಾರದೇನ್ರಿ, ಮನ್ಯಾಗ ಏಳು ಸಾವಿರದ ಒಂಬೈನೂರಾ ಅರವತ್ತು ವ್ಯಾಟ್ ಇಟ್ಟೀನಿ ಅಂತ?”