ಢಂ ಎಂದ ಪಲ್ಪರ್ ಎಂಜಿನ್ನು

ಹಳೇ ಎಂಜಿನ್ನು ಬಿಚ್ಚಿ ಕೂತವನ ಸುತ್ತ ಏನಾದರೊಂದು ಎಡವಟ್ಟು ಆಗದೆ ದಿನ ಮುಗಿಯುವುದಿಲ್ಲ. ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಹಾಸನದ ಕಡೆಯಿಂದ ಬಂದು ಬಿಟ್ಟಂಗಾಲದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಲೆಕ್ಕ ಬರೆಯೋದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ಪ್ರಾಣಿ.

ಬಾಣಂತಿ ಕೋಳಿ

ಶೆಡ್ಡಿನ ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಒಂದು ಆಯಿಲ್ ಎಂಜಿನ್ನು ತುಕ್ಕು ಹಿಡಿದು ಕೂತಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರನ್ನು ಓಡಿಸುತ್ತಿದ್ದದ್ದು, ಬಿಳಿ ದೊರೆಗಳ ಕಾಲದ್ದು. ಸುಮ್ಮನೆ ಅದರ ಚಕ್ರ ಜಗ್ಗಿದೆ. ಅರ್ಧ ಸುತ್ತು ತಿರುಗಿ 'ಫುಸ್' ಅಂತು. ಅಷ್ಟೇ ನೋಡಿ, ನನಗೆ ಹುಚ್ಚು ಹಿಡಿಯಿತು!

"ರಿಪೇರಿ ಮಾಡ್ಲಾ?" ಅಂತ ಧಣಿಯನ್ನು ಕೇಳಿದೆ.

"ಹಣ್ಣು ಪಿಕ್ಕಿಂಗ್ ಶುರುವಾಗೋದ್ರೊಳಗೆ ಓಡಿದ್ರೆ ಇರಲಿ. ಇಲ್ಲಾಂದ್ರೆ ಗುಜರಿಯವನಿಗೆ" ಅಂದರು.

ಮರುದಿನ ಸ್ಪ್ಯಾನರ್ ಹಿಡಿದು ಹೋದರೆ, ಎಂಜಿನ್ನಿನ ನೀರಿನ ತೊಟ್ಟಿಯೊಳಗೆ ಕೋಳಿ ಕಾವಿಗೆ ಕೂತಿದೆ! ಧಣಿಯ ತಾಯಿ, ನಾವೆಲ್ಲ ಅವ್ವ ಅನ್ನುತ್ತಿದ್ದವರು, ಕೋಲು ಹಿಡಿದು ಅಡ್ಡ ನಿಂತರು. "ಮರಿ ಆಗೋ ತನಕ ಮುಟ್ಟಬೇಡಿ. ನಿಮ್ಮ ಎಂಜಿನ್ ಸತ್ತು ಎಷ್ಟೋ ವರ್ಷ ಆಯ್ತು, ಅದಕ್ಕೇನು ಅವಸರ?"

ತುರಿಮಣೆ

ಕೋಳಿ ಮರಿ ಮಾಡಿಕೊಂಡು ಇಳಿದ ಮೇಲೆ ಎಂಜಿನ್ನು ಬಿಚ್ಚಿದೆ. ಪಿಸ್ಟನ್ನಿಗೆ ಹಿಡಿದ ಮಸಿ ಕೆರೆಯಲು ಏನೂ ಸಿಗದೆ, ಹೆಂಡತಿ ಇಲ್ಲದ ಹೊತ್ತು ನೋಡಿ ತುರಿಮಣೆ ಹತ್ತಿ ಕೂತೆ. ಏನು ಸೊಗಸಾಗಿ ಬಂತು ಅಂತೀರಿ! ತೊಳೆದೂ ಇಟ್ಟೆ. ಊಟಕ್ಕೆ ಬಂದ ಕಾಯಿಚಟ್ನಿ ಬೂದು ಬಣ್ಣ, ಸೀಮೆಎಣ್ಣೆ ವಾಸನೆ. ಬಳಿದು ತಿಂದೆ.

ಅವಳು ಇನ್ನೊಂದು ಸೌಟು ಬಡಿಸಿ ಹೇಳಿದಳು, "ಚೆನ್ನಾಗಿ ತಿನ್ನಿ. ನಾಳೆ ಎಂಜಿನ್ ಬದಲು ನೀವೇ ಪಲ್ಪರ್ ಓಡಿಸಬಹುದು."

ಒಂದು ಢಂ

ಎಲ್ಲ ಜೋಡಿಸಿ ಹ್ಯಾಂಡಲ್ ತಿರುಗಿಸಿದೆ. ಎಂಜಿನ್ನು ಓಡಲಿಲ್ಲ. ಹೊಗೆ ಕೊಳವೆಯಿಂದ ಒಂದೇ ಒಂದು ಢಂ! ಸ್ವಲ್ಪ ಹೊತ್ತಿಗೆ ಪಕ್ಕದ ತೋಟದ ಯಜಮಾನರು ಬ್ರಾಂದಿ ಬಾಟ್ಲಿ ಹಿಡಿದು ಏದುಸಿರು ಬಿಡುತ್ತ ಬಂದು, ತಲೆಯೆಲ್ಲ ನರೆತ ನಮ್ಮ ಧಣಿಯ ಕೈ ಕುಲುಕಿದರು.

"ಗಂಡು ಮಗುವಾ? ಈ ವಯಸ್ಸಿನಲ್ಲಿ? ಭಲೇ ಮಾರಾಯ!"

ಇಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಯಾರಾದರೂ ಸತ್ತರೆ ಎರಡು ಅಂತ ನನಗೆ ಆವತ್ತೇ ಗೊತ್ತಾದದ್ದು. ಧಣಿಯ ಹೆಂಡತಿ ಇಡೀ ದಿನ ಹೊರಗೆ ಮುಖ ತೋರಿಸಲಿಲ್ಲ. ಬ್ರಾಂದಿ ಮಾತ್ರ ವಾಪಸ್ ಹೋಗಲಿಲ್ಲ.

ಎರಡು ಢಂ

ನಾಳೆ ಪಿಕ್ಕಿಂಗ್. ಧಣಿ ಗುಜರಿಯವನನ್ನು ಕರೆಯಲು ವಿರಾಜಪೇಟೆಗೆ ಹೋಗಿದ್ದರು. ಅವ್ವ ಜ್ವರ ಬಂದು ಮಲಗಿದ್ದರು. ಇಷ್ಟು ದಿನ ಮಗುವಿನ ಹಾಗೆ ತಿಕ್ಕಿ ತೊಳೆದ ಎಂಜಿನ್ನು ಹೋಗಿಯೇ ಬಿಡುತ್ತದಲ್ಲಾ ಅಂತ ನನಗೆ ಅಳುವೇ ಬಂದಿತ್ತು. ಕೊನೆಯದಾಗಿ ಒಮ್ಮೆ ಹ್ಯಾಂಡಲ್ ತಿರುಗಿಸಿದೆ. ಢಂ! ಇನ್ನೊಂದು ಬೇಡಪ್ಪಾ ದೇವರೇ ಅನ್ನುವಷ್ಟರಲ್ಲಿ, ಢಂ! ಆಮೇಲೆ ಟಕ್ ಟಕ್ ಟಕ್ ಅಂತ ಓಡತೊಡಗಿತು. ಕುಣಿಯಬೇಕೋ, ಊರು ಬಿಡಬೇಕೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಗದ್ದೆ ಬದುವಿನ ಮೇಲೆ, ಸಾವಿನ ಮನೆಗೆಂದು ಬಿಳಿ ಬಟ್ಟೆ ಉಟ್ಟ ಜನ ಸಾಲಾಗಿ ಬಂದರು. ಮುಂದೆ ಅವ್ವನ ತಂಗಿ. ಹಳ್ಳದಾಚೆಯೇ ಮನೆ, ಆದರೆ ಗದ್ದೆ ನೀರಿನ ಜಗಳದಲ್ಲಿ ಅಕ್ಕನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. "ಅಯ್ಯೋ ಅಕ್ಕಾ, ನಿನ್ನಂಥ ಬಂಗಾರದ ಮನಸ್ಸು ಯಾರಿಗುಂಟು!" ಅಂತ ಅಂಗಳದಲ್ಲೇ ಕುಸಿದು ಅತ್ತರು.

ಕಂಬಳಿ ಹೊದ್ದು ಅವ್ವ ಜಗಲಿಗೆ ಬಂದರು. "ಇನ್ನೊಂದು ಸಲ ಹೇಳು, ಸರಿಯಾಗಿ ಕೇಳಲಿಲ್ಲ."

ತಂಗಿ ಕಣ್ಣೊರೆಸಿಕೊಂಡು ಗದರಿದರು, "ಸಾಯದಿದ್ರೆ ಮೊದಲೇ ಹೇಳಬಾರದಾ?" ಹೇಳುತ್ತಲೇ ಅಕ್ಕನನ್ನು ತಬ್ಬಿಕೊಂಡರು. ಅಂಗಳಕ್ಕೆ ಅಂಗಳವೇ ಉಸಿರು ಬಿಟ್ಟಿತು. ನಾನೂ ಬಿಟ್ಟೆ.

ದಾರಿಯಲ್ಲೇ ಸಾವಿನ ಸುದ್ದಿ ಕೇಳಿದ ಧಣಿ ಬರಿಗಾಲಲ್ಲಿ ಓಡಿ ಬಂದರು. ತಾಯಿಯ ಕಾಲು ಹಿಡಿದು ಅತ್ತರು, ನಕ್ಕರು, ಆಮೇಲೆ ನನ್ನ ಕಡೆ ತಿರುಗಿದರು. "ಆ ಎಂಜಿನ್ನು ಈಗಲೇ ಗುಜರಿಗೆ! ನೀನೂ ಅದರ ಜೊತೆಗೆ!"

ಅವ್ವ ತಂಗಿಯ ಕೈ ಬಿಡದೆ ಹೇಳಿದರು, "ಸುಮ್ಮನಿರು. ಹುತ್ತರಿ ಹಬ್ಬಕ್ಕೆ ಬಾ ಅಂತ ವರ್ಷ ವರ್ಷ ಹೇಳಿ ಕಳಿಸಿದೆ, ಇವಳು ಬಂದಳಾ? ಎಂಜಿನ್ ಎಲ್ಲಿಗೂ ಹೋಗೋದಿಲ್ಲ. ರೈಟರೇ, ಇನ್ನೊಂದು ಸಲ ಹೊಡೆಸಿ, ಸ್ವಲ್ಪ ಜೋರಾಗಿ. ಮುನಿಸಿಕೊಂಡು ಕೂತ ಮಡಿಕೇರಿಯ ಬೀಗರಿಗೆ ಕೇಳಿಸಿಲ್ಲ ಅಂತ ಕಾಣ್ತದೆ."