ಮಾವನ ಕಾರಿಗೆ ಹೃದಯ ಕಸಿ

ಎಂಜಿನ್ ಎಂದರೇನು? ಒಂದಷ್ಟು ಬೋಲ್ಟು, ಒಂದಷ್ಟು ವೈರು, ನಾಲ್ಕು ಕೊಳವೆ. ಬಿಚ್ಚಿದ ಕ್ರಮವನ್ನು ತಿರುಗಿಸಿ ಜೋಡಿಸಿದರೆ ಮುಗಿಯಿತು. ವಿಜ್ಞಾನ ಓದಿದವನಿಗೆ ಇದೇನು ಮಹಾ! ಊಟದ ಮೇಜಿನ ಮುಂದೆ ನಾನು ಹೀಗೆ ಘೋಷಿಸಿದಾಗ, ಅಲ್ಲಿಯವರೆಗೆ ನನ್ನ ಕೈಗೆ ಅಂಟಿದ್ದದ್ದು ಸೈಕಲ್ ಚೈನಿನ ಗ್ರೀಸು ಮಾತ್ರ.

ಕಾರು ಮಾವನದು. ಎಷ್ಟು ಅಪರೂಪದ ಹಳೆಯ ಮಾದರಿಯೆಂದರೆ, ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ಗೌರವದಿಂದ ಮತ್ತೆ ಮುಚ್ಚಿಬಿಡುತ್ತಿದ್ದರು. ಎಂಜಿನ್ ಸೀಳಿಹೋದ ಮೇಲೆ ಅದು ನಮ್ಮ ಶೆಡ್ಡು ಸೇರಿತ್ತು. ಮಾವ ಮನಸ್ಸು ಗಟ್ಟಿ ಮಾಡಿಕೊಂಡು, ತಿಂಗಳ ಕೊನೆಗೆ ಬಂದು ಒಯ್ಯುವಂತೆ ಗುಜರಿಯವನಿಗೆ ಹೇಳಿದ್ದರು. ನನ್ನ ಹೆಂಡತಿ ದಿಂಬಿನ ಮೇಲೆ ಕೂತು ಡ್ರೈವಿಂಗ್ ಕಲಿತದ್ದು ಅದೇ ಕಾರಿನಲ್ಲಿ. ಈಗ ಮಾವನ ಮಂಡಿ ಕ್ಲಚ್ ಒತ್ತಲು ಒಪ್ಪುವುದಿಲ್ಲ.

“ಒಂದೇ ಒಂದು ಸಲ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೆರೆವರೆಗೆ ಹೋಗಿ ಬರ್ಬೇಕಿತ್ತು” ಎಂದು ಅವಳು ತಟ್ಟೆ ಒರೆಸುತ್ತ ಅಂದದ್ದೇ ತಡ, ನಾನು ಪಣ ತೊಟ್ಟೆ. ಜೊತೆಗೊಂದು ಷರತ್ತನ್ನೂ ಹಾಕಿದೆ: ಕೆಲಸ ಮುಗಿಯುವವರೆಗೆ ಯಾರೂ ಬಾಯಿ ಹಾಕಕೂಡದು, ನನ್ನ ಕ್ರಮ ತಪ್ಪುತ್ತದೆ.

“ನಾನಂತೂ ತುಟಿ ಬಿಚ್ಚಲ್ಲಪ್ಪ” ಎಂದಳು. ಮಾವ ತಲೆಯಾಡಿಸಿದರು.

ಅದೇ ಮಾದರಿಯ ಇನ್ನೊಂದು ಕಾರು ಊರಾಚೆ ಕೋಳಿ ಸಾಕುವವನ ಹಿತ್ತಲಲ್ಲಿ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಕಾವಿಗೆ ಕೂತಿದ್ದವು. ಅವುಗಳ ನೆಮ್ಮದಿ ಕೆಡಿಸದೆ ಮುಂದಿನ ಎಂಜಿನ್ನನ್ನಷ್ಟೇ ತಂದೆ.

ಇನ್ನು ನನ್ನ ಕ್ರಮ! ಮೊದಲು ಬಾನೆಟ್ ಕಳಚಿ, ಅದರ ಬೋಲ್ಟುಗಳ ಸಮೇತ, ಗೀರು ಬೀಳದಂತೆ ಹಾಸಿಗೆಯ ಹೊದಿಕೆಯಲ್ಲಿ ಸುತ್ತಿ, ಮಂಚದ ಕೆಳಗೆ ಮಲಗಿಸಿದೆ. ಒಂದೊಂದು ವೈರಿಗೂ ಒಂದೊಂದು ಬಟ್ಟೆಯ ಚೀಟಿ ಕಟ್ಟಿದೆ. ಬೋಲ್ಟುಗಳಿಗೆ ಅಡುಗೆಮನೆಯ ಡಬ್ಬಿಗಳೆಲ್ಲ ಬಂದವು. ಸಕ್ಕರೆ ಹುಡುಕಿದರೆ ಗೇರ್‌ಬಾಕ್ಸಿನ ಬೋಲ್ಟು ಸಿಗುತ್ತಿತ್ತು. ಹೆಂಡತಿ ಸಕ್ಕರೆಯಿಲ್ಲದ ಕಾಫಿ ಕುಡಿದಳು, ತುಟಿ ಬಿಚ್ಚಲಿಲ್ಲ.

ಶೆಡ್ಡಿನ ತೊಲೆಗೆ ಕಟ್ಟಿದ ರಾಟೆಯಿಂದ ಹಳೆಯ ಎಂಜಿನ್ ಸಲೀಸಾಗಿ ಹೊರಬಂತು. ಹೊಸದನ್ನು ಎಳೆದೆ. ಸರಪಳಿ ತೊಲೆಗೆ ತಾಗುವಷ್ಟು ಎಳೆದರೂ ಅದು ಕಾರಿನ ಮೂತಿ ದಾಟಲಿಲ್ಲ. ನಾಲ್ಕು ಬೆರಳಷ್ಟು ಎತ್ತರ ಸಾಲದು. ಸರಪಳಿ ಅಳೆದೆ, ತೊಲೆ ಅಳೆದೆ. ಎಲ್ಲ ಮೊದಲಿನಷ್ಟೇ. ಹಾಗಾದರೆ ಬೆಳೆದದ್ದು ಕಾರು!

ನಾನು ನೆತ್ತಿ ಕೆರೆದುಕೊಳ್ಳುತ್ತಿರುವಾಗ ಹೆಂಡತಿ ಕಾಫಿ ತಂದು, ಲೋಟ ಖಾಲಿಯಾಗಲೆಂದು ಮಡ್‌ಗಾರ್ಡಿನ ಮೇಲೆ ಕೂತಳು. ಕಾರು ಕಿರ್ರೆಂದು ಕೆಳಗಿಳಿಯಿತು.

ಭಾರ ಇಳಿಸಿದರೆ ಸ್ಪ್ರಿಂಗು ಏಳುತ್ತದೆ! ಹಳೆಯ ಎಂಜಿನ್ ತೆಗೆದೊಡನೆ ಕಾರಿನ ಮೂತಿ ಮೇಲೆದ್ದಿತ್ತು. ನನ್ನ ಕೆಲಸವೇನೆಂದು ಹೇಳಲಿಲ್ಲ, ಅಲ್ಲವೇ? ತೂಕದ ಯಂತ್ರಗಳ ಸ್ಪ್ರಿಂಗು ಸರಿಯಿದೆಯೇ ಎಂದು ಪರೀಕ್ಷಿಸುವುದು.

“ಏಳ್ಬೇಡ! ನೀನು ಕೂತಿದ್ರೆ ಕಾರು ಇಳಿಯುತ್ತೆ.”

“ಅಂದ್ರೆ ನಾನು ದಪ್ಪ ಅಂತಾನಾ?”

“ಇಲ್ಲ ಕಣೇ, ನಿನ್ನ ತೂಕ ಸಾಲ್ದು.”

ಮದುವೆಯಾದಾಗಿನಿಂದ ನನ್ನ ಬಾಯಿಂದ ಇಷ್ಟು ಒಳ್ಳೆಯ ಮಾತು ಬಂದಿರಲಿಲ್ಲ ಎಂಬಂತೆ ನೋಡಿದಳು. ಮಾವ ಸ್ಟೂಲು ಹತ್ತಿ ಇನ್ನೊಂದು ಮಡ್‌ಗಾರ್ಡಿನ ಮೇಲೆ ಕೂತರು. ಅಪ್ಪ ಮಗಳ ನಡುವೆ ಎಂಜಿನ್ ರಾಜಗಾಂಭೀರ್ಯದಿಂದ ಸಿಂಹಾಸನಕ್ಕೆ ಇಳಿಯಿತು.

ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ಒಂದು ವಾಷರ್ ಕೂಡ ಮಿಗಲಿಲ್ಲ. ಬೀಗದ ಕೈ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಯಾವುದೋ ಸಂದಿಯಿಂದ ಕೋಳಿಯ ಪುಕ್ಕವೊಂದು ಹಾರಿ ಮುಂದಿನ ಗಾಜಿಗೆ ಅಂಟಿತು, ಆಮೇಲೆ ಗುಡುಗಿತು. ಗುಜರಿಯವನಿಗೆ ಬರಬೇಡವೆಂದು ಮಾವ ತಾವೇ ಫೋನ್ ಮಾಡಿದರು.

ಭಾನುವಾರ ಹೊರಟೆವು. ಸ್ಟಿಯರಿಂಗ್ ಮುಂದೆ ಹೆಂಡತಿ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಾವ, ಹಿಂದೆ ನಾನು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ನಾನು ಕೈ ಬೀಸಿದೆ. ಮಾವ ತುಟಿ ಬಿಗಿಹಿಡಿದು ನೇರ ನೋಡುತ್ತಿದ್ದರು; ಭಾವುಕರಾಗಿದ್ದಾರೆ ಎಂದುಕೊಂಡೆ. ಹೆಂಡತಿಯ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾಳೆ ಎಂದು ನನ್ನ ಕಣ್ಣೂ ತೇವವಾಯಿತು.

ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಸ್ಕೂಟರಿನವನು ಬಗ್ಗಿ ಕೇಳಿದ: “ಸಾರ್, ಬಾನೆಟ್ ಎಲ್ಲಿ?”

ಮಂಚದ ಕೆಳಗೆ! ಅದಕ್ಕೆ ಡಬ್ಬಿಯಿರಲಿಲ್ಲ. ಇಷ್ಟು ದಿನ ಬಾನೆಟ್ಟಿಲ್ಲದ ಕಾರನ್ನೇ ನೋಡಿ ನೋಡಿ, ಕಾರೆಂದರೆ ಹಾಗೇ ಇರುತ್ತದೆಂದು ನನ್ನ ಕಣ್ಣು ಒಪ್ಪಿಬಿಟ್ಟಿತ್ತು.

“ನೀವಿಬ್ರೂ ನೋಡ್ಲಿಲ್ವಾ?”

“ಶೆಡ್ಡಲ್ಲೇ ನೋಡಿದ್ವಿ, ಅಳಿಯಂದ್ರೇ” ಎಂದರು ಮಾವ, ಕಣ್ಣೊರೆಸಿಕೊಳ್ಳುತ್ತ.

“ಮತ್ತೆ ಹೇಳ್ಬಾರ್ದಾ?”

ಹೆಂಡತಿ ಗೇರು ಹಾಕಿ, ಕಾರನ್ನು ಕೆರೆಯ ಕಡೆಗೇ ತಿರುಗಿಸುತ್ತ ಅಂದಳು: “ಕೆಲಸ ಮುಗಿಯೋವರೆಗೆ ಬಾಯಿ ಹಾಕ್ಬೇಡಿ ಅಂದಿದ್ರಲ್ಲ. ಇನ್ನೂ ಮುಗಿದಿಲ್ವಲ್ರೀ.”